ಹಳ್ಳಿಗೆ ಕೈಗಾರಿಕೆ ಬರಲು ವಿದ್ಯುತ್ ಸಹಕಾರ ಸಂಘ ಏನು ಮಾಡಬಲ್ಲದು?

ಹರಿಹರದ ಬಳಿ ತುಂಗಭದ್ರಾ ನದಿಯನ್ನು ದಾಟುವ ಬಹಳಷ್ಟು ಜನಕ್ಕೆ ಒಂದು ಸಂಗತಿ ಗಮನಕ್ಕೆ ಬಂದಿರಲಾರದು. ಈ ದಡದ ಹರಿಹರ ದಾವಣಗೆರೆ ಜಿಲ್ಲೆಗೆ ಸೇರಿದ್ದು. ಇಲ್ಲಿ ವಿದ್ಯುತ್ ವಿತರಿಸುವುದು ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿ, ಅಂದರೆ ಬೆಸ್ಕಾಂ. ಆ ದಡದ ಕುಮಾರಪಟ್ಟಣ ಹಾವೇರಿ ಜಿಲ್ಲೆಯದು. ಅಲ್ಲಿ ವಿದ್ಯುತ್ ವಿತರಿಸುವುದು ಹುಬ್ಬಳ್ಳಿಯ ಹೆಸ್ಕಾಂ. ಎರಡೂ ಸರ್ಕಾರಿ ಕಂಪನಿಗಳು. ಎರಡು ದಡಗಳಲ್ಲಿಯೂ ಗ್ರಾಹಕನ ಪಾತ್ರ ಒಂದೇ: ಅರ್ಜಿ ಕೊಡುವುದು, ಬಿಲ್ಲು ಕಟ್ಟುವುದು, ಕರೆಂಟು ಹೋದಾಗ ಕಾಯುವುದು.

ಇದಕ್ಕಿಂತ ಬೇರೆಯಾದ ಒಂದು ವ್ಯವಸ್ಥೆಯೂ ಇದೆ. ಹಾಲಿನ ಸಂಘವನ್ನು ಹಾಲು ಹಾಕುವವರೇ ನಡೆಸುವಂತೆ, ಕಂಬ, ತಂತಿ, ಟ್ರಾನ್ಸ್‌ಫಾರ್ಮರ್‌ಗಳನ್ನು ವಿದ್ಯುತ್ ಬಳಸುವವರೇ ಹೊಂದಿ ನಡೆಸುವ ವ್ಯವಸ್ಥೆ ಅದು. ಇದಕ್ಕೆ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಎನ್ನುತ್ತಾರೆ. ಕರ್ನಾಟಕದಲ್ಲಿಯೇ ಇಂಥದೊಂದು ಸಂಘ ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಕೆಲಸ ಮಾಡುತ್ತಿದೆ. ಅದಿರುವುದು ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ. ದಾವಣಗೆರೆ ಮತ್ತು ಹರಿಹರವನ್ನು ಹಾಯುವ ಪುಣೆ–ಬೆಂಗಳೂರು ಹೆದ್ದಾರಿಯೇ ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರವನ್ನೂ ಮುಟ್ಟುತ್ತದೆ. ಇಂಥ ಸಂಘಗಳಿಂದ ಹಳ್ಳಿಗಳಿಗೆ ಕೈಗಾರಿಕೆ ಬರುವುದು ಸಾಧ್ಯವೇ? ಸಾಧ್ಯವಾದರೆ ಹೇಗೆ? ಸಾಧ್ಯವಾಗದಿದ್ದರೆ ತೊಡಕು ಎಲ್ಲಿದೆ? ಈ ಲೇಖನದಲ್ಲಿ ಅದನ್ನು ನೋಡೋಣ.

ದಾವಣಗೆರೆ ಕಲಿಸುವ ಪಾಠ

ಕರ್ನಾಟಕದಲ್ಲಿ ವಿದ್ಯುತ್ತು ಮೊದಲು ಹರಿದದ್ದು ಮನೆಗಳಿಗಲ್ಲ, ಕೈಗಾರಿಕೆಗೆ. 1902ರಲ್ಲಿ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿನ ಬೀದಿ ದೀಪಗಳು ಬೆಳಗಿದ್ದು ಅದಾದ ಮೂರು ವರ್ಷಗಳ ನಂತರ, 1905ರಲ್ಲಿ. ದಿನವಿಡೀ ವಿದ್ಯುತ್ ಕೊಳ್ಳುವ ಒಬ್ಬ ದೊಡ್ಡ ಗ್ರಾಹಕ ಇದ್ದುದರಿಂದಲೇ ಅಷ್ಟು ಉದ್ದದ ತಂತಿ ಎಳೆಯುವುದು ಸಾಧ್ಯವಾಯಿತು. ಈ ಅಂಶವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ದಾವಣಗೆರೆ ಹತ್ತಿಯ ಊರು. 1930ರ ದಶಕದಿಂದ ಇಲ್ಲಿ ಒಂದೊಂದಾಗಿ ಹತ್ತಿ ಗಿರಣಿಗಳು ತಲೆಯೆತ್ತಿದವು. ಊರಿಗೆ 'ಕರ್ನಾಟಕದ ಮ್ಯಾಂಚೆಸ್ಟರ್' ಎಂಬ ಹೆಸರು ಬಂತು. ಪಕ್ಕದ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಸ್ಥಾಪನೆಯಾಗಿ ಲೇತ್ ಯಂತ್ರಗಳನ್ನು ತಯಾರಿಸತೊಡಗಿತು. 1970ರ ದಶಕದ ಆರಂಭದಲ್ಲಿ ಹೊಳೆಯಾಚೆಯ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಬಂತು. ಮುಂದೆ ದಾವಣಗೆರೆಯ ಗಿರಣಿಗಳಲ್ಲಿ ಹೆಚ್ಚಿನವು ಮುಚ್ಚಿದವು. ಹರಿಹರದ ಲೇತ್ ಕಾರ್ಖಾನೆಯೂ ಈ ಶತಮಾನದ ಆರಂಭದ ಹೊತ್ತಿಗೆ ನಿಂತುಹೋಯಿತು. ಗಿರಣಿಗಳನ್ನೇ ನಂಬಿದ್ದ ಸಾವಿರಾರು ಮನೆಗಳಲ್ಲಿ ದುಡಿಮೆ ತಪ್ಪಿತು.

ಇಲ್ಲಿ ಎರಡು ಪಾಠಗಳಿವೆ. ಮೊದಲನೆಯದು, ವಿದ್ಯುತ್ತು ಇದ್ದ ಮಾತ್ರಕ್ಕೆ ಕೈಗಾರಿಕೆ ಉಳಿಯುವುದಿಲ್ಲ. ಮಾರುಕಟ್ಟೆ, ಯಂತ್ರಗಳ ನವೀಕರಣ, ಬಂಡವಾಳ, ಕಾರ್ಮಿಕ ಸಂಬಂಧ ಎಲ್ಲವೂ ಬೇಕು. ಎರಡನೆಯದು, ಇಡೀ ಊರು ಕೆಲವೇ ದೊಡ್ಡ ಕಾರ್ಖಾನೆಗಳನ್ನು ನಂಬಿ ಕುಳಿತರೆ ಅವು ಮುಚ್ಚಿದ ದಿನ ಊರೇ ಕುಸಿಯುತ್ತದೆ. ಭದ್ರಾ ಅಚ್ಚುಕಟ್ಟಿನ ಭತ್ತ ಮತ್ತು ಮಳೆಯಾಶ್ರಿತ ಹೊಲಗಳ ಮೆಕ್ಕೆಜೋಳ ಈ ಜಿಲ್ಲೆಯ ಮುಖ್ಯ ಬೆಳೆಗಳು. ಅಕ್ಕಿ ಗಿರಣಿ, ಅವಲಕ್ಕಿ ಮಿಲ್ಲು, ಮಂಡಕ್ಕಿ ಭಟ್ಟಿ, ಪಶು ಆಹಾರ ಘಟಕ, ಸಣ್ಣ ವರ್ಕ್‌ಶಾಪು ಮುಂತಾದ ನೂರಾರು ಚಿಕ್ಕ ಉದ್ಯಮಗಳು ಹಳ್ಳಿಗಳಲ್ಲಿಯೇ ಹರಡಿಕೊಂಡರೆ ಯುವಕರು ಬೆಂಗಳೂರಿನ ಬಸ್ಸು ಹತ್ತುವ ಒತ್ತಡ ಕಡಿಮೆಯಾಗುತ್ತದೆ. ಆದರೆ ಕಾಗದದ ತಿರುಳು ತಯಾರಿಸುವಂಥ ದೊಡ್ಡ ಕಾರ್ಖಾನೆ ತನ್ನ ವಿದ್ಯುತ್ತನ್ನು ತಾನೇ ಉತ್ಪಾದಿಸಿಕೊಳ್ಳಬಲ್ಲದು. ಐವತ್ತು ಅಶ್ವಶಕ್ತಿಯ ಅಕ್ಕಿ ಗಿರಣಿಗೆ ಅದು ಸಾಧ್ಯವಿಲ್ಲ. ಅದು ಊರ ತಂತಿಯನ್ನೇ ನಂಬಬೇಕು.

ಉದ್ಯಮಿ ಕೇಳುವುದು ಏನನ್ನು?

ಹಳ್ಳಿಯಲ್ಲಿ ಗಿರಣಿ ಹಾಕಲು ಹೊರಟವರು ಯೂನಿಟ್ಟಿಗೆ ಎಷ್ಟು ದರ ಎಂದು ಮಾತ್ರ ಕೇಳುವುದಿಲ್ಲ. ಮೂರು ಫೇಸ್ ವಿದ್ಯುತ್ತು ದಿನಕ್ಕೆ ಎಷ್ಟು ಗಂಟೆ ಇರುತ್ತದೆ? ವೋಲ್ಟೇಜು ಸರಿಯಾಗಿರುತ್ತದೆಯೇ? ಅರ್ಜಿ ಹಾಕಿದ ಎಷ್ಟು ದಿನಕ್ಕೆ ಸಂಪರ್ಕ ಸಿಗುತ್ತದೆ? ಟ್ರಾನ್ಸ್‌ಫಾರ್ಮರ್ ಸುಟ್ಟರೆ ಯಾವಾಗ ಬದಲಾಗುತ್ತದೆ? ಇವು ಅವರ ನಿಜವಾದ ಪ್ರಶ್ನೆಗಳು.

ವೋಲ್ಟೇಜಿನ ಪ್ರಶ್ನೆಯನ್ನು ಒಂದು ಸರಳ ಲೆಕ್ಕದಿಂದ ತಿಳಿಯೋಣ. ಒಂದು ಗಿರಣಿಗೆ 40 ಕಿಲೋವ್ಯಾಟ್ ಬೇಕು, ಪವರ್ ಫ್ಯಾಕ್ಟರ್ 0.8 ಎಂದಿಟ್ಟುಕೊಳ್ಳಿ. ಟ್ರಾನ್ಸ್‌ಫಾರ್ಮರ್ ಒಂದು ಕಿಲೋಮೀಟರ್ ದೂರದಲ್ಲಿದೆ. ತಂತಿಯ ರೋಧ ಕಿಲೋಮೀಟರಿಗೆ 0.55 ಓಮ್. 400 ವೋಲ್ಟ್ ಮೂರು ಫೇಸ್ ತಂತಿಯಲ್ಲಿ ಹರಿಯುವ ಪ್ರವಾಹ

40,000 ÷ (1.732 × 400 × 0.8) = ಸುಮಾರು 72 ಆಂಪೇರ್.

ತಂತಿಯಲ್ಲಿ ಶಾಖವಾಗಿ ನಷ್ಟವಾಗುವ ಶಕ್ತಿ, ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟು. ಮೂರು ತಂತಿಗಳಿಗೆ

3 × 72 × 72 × 0.55 = ಸುಮಾರು 8,550 ವ್ಯಾಟ್.

ಅಂದರೆ ಗಿರಣಿಗೆ 40 ಕಿಲೋವ್ಯಾಟ್ ತಲುಪಿಸಲು ದಾರಿಯಲ್ಲಿ ಎಂಟೂವರೆ ಕಿಲೋವ್ಯಾಟ್ ಸುಡುತ್ತದೆ! ಈಗ 11,000 ವೋಲ್ಟಿನ ತಂತಿಯನ್ನು ಗಿರಣಿಯ ಬಾಗಿಲವರೆಗೆ ತಂದು, ಟ್ರಾನ್ಸ್‌ಫಾರ್ಮರನ್ನು ಅಲ್ಲಿಯೇ ಕೂರಿಸಿದರೆ ಪ್ರವಾಹ 2.6 ಆಂಪೇರಿಗೆ ಇಳಿಯುತ್ತದೆ. ಅದೇ ಒಂದು ಕಿಲೋಮೀಟರಿನಲ್ಲಿ ನಷ್ಟ ಕೇವಲ 11 ವ್ಯಾಟ್. ವೋಲ್ಟೇಜು 27.5 ಪಟ್ಟು ಹೆಚ್ಚಾದಾಗ ನಷ್ಟ ಸುಮಾರು 756 ಪಟ್ಟು ಕಡಿಮೆಯಾಯಿತು.

ನಷ್ಟದ ಜೊತೆಗೆ ಇನ್ನೊಂದು ತೊಂದರೆ ಇದೆ. 400 ವೋಲ್ಟಿನ ಉದ್ದ ತಂತಿಯಲ್ಲಿ ರೋಧದ ಕಾರಣದಿಂದಲೇ ಪ್ರತಿ ಫೇಸಿನಲ್ಲಿ ಸುಮಾರು 32 ವೋಲ್ಟ್ ಕುಸಿಯುತ್ತದೆ. 230 ಇರಬೇಕಾದಲ್ಲಿ 198 ವೋಲ್ಟ್ ಸಿಗುತ್ತದೆ. ಇಂಡಕ್ಷನ್ ಮೋಟಾರಿನ ತಿರುಚು ಬಲ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಆದ್ದರಿಂದ ಅದು ನಾಲ್ಕರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ಮೋಟಾರು ತಿರುಗಲು ಒದ್ದಾಡಿ ಹೆಚ್ಚು ಪ್ರವಾಹ ಎಳೆದು ಬಿಸಿಯಾಗುತ್ತದೆ, ಕೊನೆಗೆ ಅದರ ಸುರುಳಿ ಸುಡುತ್ತದೆ. ಹಳ್ಳಿಗಳಲ್ಲಿ ಮೋಟಾರು ವೈಂಡಿಂಗ್ ಅಂಗಡಿಗಳಿಗೆ ಬಿಡುವಿಲ್ಲದ ಕೆಲಸ ಸಿಗುವುದರ ಗುಟ್ಟು ಇದೇ.

ಗಿರಣಿಯವರು ಕೆಪಾಸಿಟರ್ ಹಾಕಿಸಿ ಪವರ್ ಫ್ಯಾಕ್ಟರನ್ನು 0.8ರಿಂದ 0.95ಕ್ಕೆ ಏರಿಸಿದರೆ ಅದೇ ತಂತಿಯ ನಷ್ಟ ಶೇಕಡಾ 29ರಷ್ಟು ತಗ್ಗುತ್ತದೆ. ಇಂಥ ತಿಳಿವಳಿಕೆಯನ್ನು ಬಾಗಿಲಿಗೆ ಬಂದು ಹೇಳುವವರು ಯಾರು? ಒಳ್ಳೆಯ ಸಹಕಾರ ಸಂಘದ ಉಪಯೋಗ ಇಲ್ಲಿಂದಲೇ ಆರಂಭವಾಗುತ್ತದೆ. ನಷ್ಟವಾದರೆ ಅದು ಸದಸ್ಯರದೇ ನಷ್ಟ. ಉಳಿದರೆ ಸದಸ್ಯರದೇ ಲಾಭ.

ಗಿರಣಿ ಬಂದರೆ ಊರಿಗೇನು ಲಾಭ?

ಹಳ್ಳಿಯ ವಿದ್ಯುತ್ ವಿತರಣೆ ಏಕೆ ದುಬಾರಿ? ಮನೆಗಳು ದೂರ ದೂರ, ಬಳಕೆ ಕಡಿಮೆ. ಅದೂ ಸಂಜೆಯ ಕೆಲವು ಗಂಟೆಗಳಲ್ಲಿ ಒಮ್ಮೆಲೇ. ತಂತಿ, ಟ್ರಾನ್ಸ್‌ಫಾರ್ಮರುಗಳನ್ನು ಮಾತ್ರ ಅತಿ ಹೆಚ್ಚು ಬೇಡಿಕೆಯ ಆ ಗಂಟೆಗೆ ತಕ್ಕಂತೆ ಹಾಕಬೇಕು. ಉಳಿದ ಹೊತ್ತು ಅವು ಸುಮ್ಮನಿರುತ್ತವೆ. ಸರಾಸರಿ ಬಳಕೆಗೂ ಗರಿಷ್ಠ ಬಳಕೆಗೂ ಇರುವ ಅನುಪಾತವನ್ನು 'ಹೊರೆ ಗುಣಾಂಕ' ಎನ್ನುತ್ತಾರೆ.

ಒಂದು ಕಾಲ್ಪನಿಕ ಹಳ್ಳಿಯನ್ನು ತೆಗೆದುಕೊಳ್ಳೋಣ. ಅಲ್ಲಿ ಸಂಜೆ 4 ಗಂಟೆಗಳ ಕಾಲ 100 ಕಿಲೋವ್ಯಾಟ್ ಬೇಡಿಕೆ, ಉಳಿದ 20 ಗಂಟೆ 20 ಕಿಲೋವ್ಯಾಟ್. ದಿನದ ಒಟ್ಟು ಬಳಕೆ 400 + 400 = 800 ಯೂನಿಟ್. ಇಡೀ ದಿನ 100 ಕಿಲೋವ್ಯಾಟ್ ಬಳಸಿದ್ದರೆ 2,400 ಯೂನಿಟ್ ಆಗುತ್ತಿತ್ತು. ಆದ್ದರಿಂದ ಹೊರೆ ಗುಣಾಂಕ ಶೇಕಡಾ 33. ತಂತಿ, ಟ್ರಾನ್ಸ್‌ಫಾರ್ಮರ್, ಸಿಬ್ಬಂದಿ, ಸಾಲದ ಬಡ್ಡಿ ಇವುಗಳ ಸ್ಥಿರ ವೆಚ್ಚ ದಿನಕ್ಕೆ 2,400 ರೂಪಾಯಿ ಎಂದರೆ ಪ್ರತಿ ಯೂನಿಟ್ಟಿನ ಮೇಲೆ 3 ರೂಪಾಯಿ ಬೀಳುತ್ತದೆ.

ಈಗ ಅಲ್ಲಿಗೆ 60 ಕಿಲೋವ್ಯಾಟಿನ ಒಂದು ಘಟಕ ಬಂದು, ಹಗಲು 10 ಗಂಟೆ ಮಾತ್ರ ನಡೆಯಿತೆನ್ನಿ. ಹಗಲಿನ ಬೇಡಿಕೆ 80 ಕಿಲೋವ್ಯಾಟ್ ಆಗುತ್ತದೆ. ಗರಿಷ್ಠ ಬೇಡಿಕೆ ಮೊದಲಿನಂತೆ ಸಂಜೆಯ 100 ಕಿಲೋವ್ಯಾಟೇ. ಹೊಸ ದೊಡ್ಡ ಟ್ರಾನ್ಸ್‌ಫಾರ್ಮರ್ ಬೇಕಿಲ್ಲ. ಆದರೆ ದಿನದ ಬಳಕೆ 1,400 ಯೂನಿಟ್ಟಿಗೆ ಏರಿತು. ಹೊರೆ ಗುಣಾಂಕ ಶೇಕಡಾ 58 ಆಯಿತು. ಅದೇ 2,400 ರೂಪಾಯಿಯನ್ನು 1,400 ಯೂನಿಟ್ಟಿಗೆ ಹಂಚಿದರೆ ಯೂನಿಟ್ಟಿಗೆ 1 ರೂಪಾಯಿ 71 ಪೈಸೆ. ಗಿರಣಿಯಿಂದಾಗಿ ಮನೆಯ ದೀಪದ ಖರ್ಚೂ ಇಳಿಯಿತು.

ಕೋಲಾರದ ಗಣಿ ಮತ್ತು ಬೆಂಗಳೂರಿನ ದೀಪಗಳ ನಂಟು ಈಗ ಅರ್ಥವಾಗುತ್ತದೆ. ವಿದ್ಯುತ್ ಸಹಕಾರ ಸಂಘ ಕೈಗಾರಿಕೆಯನ್ನು ಕರೆತರಲು ಏಕೆ ಮುಂದಾಗುತ್ತದೆ ಎಂಬುದಕ್ಕೂ ಇದೇ ಉತ್ತರ. ಹಗಲಿನಲ್ಲಿ ನಡೆಯುವ ಉದ್ಯಮ ಸಂಘದ ಪ್ರತಿ ಸದಸ್ಯನ ಹೊರೆಯನ್ನೂ ಹಗುರ ಮಾಡುತ್ತದೆ.

ಅಮೆರಿಕದ ಅನುಭವ

1935ರಲ್ಲಿ ಅಮೆರಿಕದ ಹತ್ತು ರೈತ ಕುಟುಂಬಗಳಲ್ಲಿ ಒಂಬತ್ತಕ್ಕೆ ವಿದ್ಯುತ್ ಇರಲಿಲ್ಲ ಎಂದರೆ ಇಂದು ನಂಬುವುದು ಕಷ್ಟ. ಖಾಸಗಿ ಕಂಪನಿಗಳಿಗೆ ಹಳ್ಳಿಗಳಲ್ಲಿ ಲಾಭ ಕಾಣಲಿಲ್ಲ. ಆ ವರ್ಷ ಅಧ್ಯಕ್ಷ ರೂಸ್‌ವೆಲ್ಟ್ ಅವರು ಗ್ರಾಮೀಣ ವಿದ್ಯುದೀಕರಣ ಆಡಳಿತವನ್ನು ಸ್ಥಾಪಿಸಿದರು. 1936ರಲ್ಲಿ ಕಾಯಿದೆ ಬಂತು. ಸರ್ಕಾರ ಕಡಿಮೆ ಬಡ್ಡಿಗೆ ದೀರ್ಘಾವಧಿ ಸಾಲ ಕೊಟ್ಟಿತು. ರೈತರು ಸಹಕಾರ ಸಂಘ ಕಟ್ಟಿಕೊಂಡು ಕಂಬ ನೆಟ್ಟರು. ಎರಡು ದಶಕಗಳಲ್ಲಿ ಬಹುತೇಕ ಎಲ್ಲ ಹೊಲಮನೆಗಳೂ ಬೆಳಗಿದವು. ಇಂದು ಅಲ್ಲಿ ಸುಮಾರು 900 ವಿದ್ಯುತ್ ಸಹಕಾರ ಸಂಘಗಳಿವೆ. ಅವುಗಳ ತಂತಿಯ ಪ್ರತಿ ಮೈಲಿಗೆ ಸರಾಸರಿ ಎಂಟು ಗ್ರಾಹಕರಷ್ಟೇ. ಹೀಗಾಗಿ ಉದ್ಯಮಗಳನ್ನು ಕರೆತರುವುದು ಅವುಗಳಿಗೆ ಬದುಕುವ ದಾರಿಯೇ ಆಗಿದೆ.

ಅವು ಏನು ಮಾಡುತ್ತವೆ? ಉಪಕೇಂದ್ರದ ಹತ್ತಿರ ಜಾಗ ಗುರುತಿಸಿ, ರಸ್ತೆ, ನೀರು, ವಿದ್ಯುತ್ ಎಲ್ಲ ಸಿದ್ಧಗೊಳಿಸಿ ಇಡುತ್ತವೆ. ಉದ್ಯಮಿ ಬಂದಾಗ ಹತ್ತು ಕಚೇರಿ ಅಲೆಸುವುದಿಲ್ಲ. ಅಲ್ಲಿನ ಕೃಷಿ ಇಲಾಖೆಯ ಒಂದು ಯೋಜನೆಯಲ್ಲಿ ಸಂಘಗಳಿಗೆ ಬಡ್ಡಿಯಿಲ್ಲದ ಸಾಲ ಸಿಗುತ್ತದೆ. ಸಂಘ ಅದನ್ನು ಊರಿನ ಉದ್ಯಮಗಳಿಗೆ ಮತ್ತೆ ಸಾಲವಾಗಿ ಕೊಡುತ್ತದೆ. ಹಲವು ಸಂಘಗಳು ಸೇರಿ ಉತ್ಪಾದನೆ ಮತ್ತು ಪ್ರಸರಣಕ್ಕೆಂದೇ ಮತ್ತೊಂದು ದೊಡ್ಡ ಸಂಘ ಕಟ್ಟಿಕೊಂಡು, ವಿದ್ಯುತ್ತನ್ನು ಅಗ್ಗವಾಗಿ ಪಡೆಯುತ್ತವೆ. ವರ್ಷದ ಕೊನೆಗೆ ಉಳಿದ ಹಣ ಬಳಕೆಗೆ ತಕ್ಕಂತೆ ಸದಸ್ಯರ ಖಾತೆಗೆ ಜಮೆಯಾಗುತ್ತದೆ.

ಹುಕ್ಕೇರಿ ಮತ್ತು ಸಿರಿಸಿಲ್ಲ

ಸಹಕಾರ ನಮಗೆ ಹೊಸದಲ್ಲ. ಭಾರತದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದೇ ಗದಗ ಬಳಿಯ ಕಣಗಿನಹಾಳದಲ್ಲಿ, 1905ರಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ. 1969ರಲ್ಲಿ ಕೇಂದ್ರ ಸರ್ಕಾರ ಗ್ರಾಮೀಣ ವಿದ್ಯುದೀಕರಣ ನಿಗಮವನ್ನು ಸ್ಥಾಪಿಸಿತು. ಅಮೆರಿಕದ ತಜ್ಞರ ನೆರವಿನೊಂದಿಗೆ ಐದು ಕಡೆ ಪ್ರಾಯೋಗಿಕವಾಗಿ ವಿದ್ಯುತ್ ಸಹಕಾರ ಸಂಘಗಳು ಆರಂಭವಾದವು: ಆಗಿನ ಮೈಸೂರು ರಾಜ್ಯದ ಹುಕ್ಕೇರಿ, ಆಂಧ್ರಪ್ರದೇಶದ (ಈಗ ತೆಲಂಗಾಣದ) ಸಿರಿಸಿಲ್ಲ, ಮಹಾರಾಷ್ಟ್ರದ ಮುಳಾ–ಪ್ರವರಾ, ಗುಜರಾತಿನ ಕೊಡಿನಾರ್ ಮತ್ತು ಉತ್ತರಪ್ರದೇಶದ ಲಖನೌ.

ಹುಕ್ಕೇರಿ ಸಂಘ ಸ್ವತಃ ವಿದ್ಯುತ್ ಉತ್ಪಾದಿಸುವ ಕಂಪನಿಯಲ್ಲ. ಅದು ಹೆಸ್ಕಾಂನಿಂದ ಸಗಟಾಗಿ ವಿದ್ಯುತ್ ಕೊಂಡು ಮನೆ, ಪಂಪ್‌ಸೆಟ್, ಅಂಗಡಿ, ಉದ್ಯಮಗಳಿಗೆ ವಿತರಿಸುತ್ತದೆ. ದರವನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಗೊತ್ತುಪಡಿಸುತ್ತದೆ. ಆಡಳಿತ ಮಂಡಳಿಯನ್ನು ಸದಸ್ಯರು ಚುನಾಯಿಸುತ್ತಾರೆ. 2025ರಲ್ಲಿ ನಡೆದ ಅದರ ಚುನಾವಣೆ ಎಷ್ಟು ಬಿರುಸಾಗಿತ್ತೆಂದರೆ, ಒಂದು ತಾಲ್ಲೂಕಿನ ಸಂಘದ ಸುದ್ದಿ ಇಡೀ ರಾಜ್ಯದ ಪತ್ರಿಕೆಗಳಲ್ಲಿ ಬಂತು. ಜನ ಸಂಘವನ್ನು ತಮ್ಮದೆಂದು ಭಾವಿಸಿದ್ದಾರೆ ಎಂಬುದಕ್ಕೆ ಇದು ಗುರುತು. ರಾಜಕೀಯ ಒಳನುಗ್ಗುವ ಅಪಾಯಕ್ಕೂ ಇದೇ ಗುರುತು.

ಈ ತಾಲ್ಲೂಕಿನಲ್ಲಿ ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ, ಕಣಗಲಾದಲ್ಲಿ ಕೈಗಾರಿಕಾ ಪ್ರದೇಶ ಇದೆ. ಇವೆಲ್ಲ ವಿದ್ಯುತ್ ಸಂಘದಿಂದಲೇ ಬಂದವು ಎಂದರೆ ತಪ್ಪಾದೀತು. ಹಿಡಕಲ್ ಜಲಾಶಯದ ನೀರು, ಕಬ್ಬು, ಹೆದ್ದಾರಿ ಎಲ್ಲವೂ ಸೇರಿವೆ.

ಕೈಗಾರಿಕೆಯ ಮಟ್ಟಿಗೆ ಹೆಚ್ಚು ಸ್ಪಷ್ಟವಾದ ಉದಾಹರಣೆ ಸಿರಿಸಿಲ್ಲ. 1970ರಲ್ಲಿ ಆರಂಭವಾದ ಅಲ್ಲಿನ ಸಂಘ ಇಂದಿಗೂ ನಡೆಯುತ್ತಿದೆ. ಅದರ ತಂತಿಗಳಿಂದ ಸಾವಿರಾರು ವಿದ್ಯುತ್ ಮಗ್ಗಗಳು ಓಡುತ್ತವೆ. ಒಂದು ಮಗ್ಗಕ್ಕೆ ಬೇಕಾಗುವುದು ಸಣ್ಣ ಮೋಟಾರು ಮಾತ್ರ. ಸಾವಿರಾರು ಸಣ್ಣ ಮೋಟಾರುಗಳು ದಿನವಿಡೀ ನಡೆಯುವಾಗ ಸಂಘದ ಹೊರೆ ಗುಣಾಂಕ ಉತ್ತಮವಾಗುತ್ತದೆ. ದಾವಣಗೆರೆಯ ಹತ್ತಿ ಗಿರಣಿಗಳಂತೆ ಕೆಲವೇ ಕಟ್ಟಡಗಳಲ್ಲಿ ಅಲ್ಲದೆ ಮನೆಮನೆಗೆ ಹರಡಿದ ಜವಳಿ ಉದ್ಯಮ ಅದು. ಆದರೂ ಬಟ್ಟೆಯ ಬೇಡಿಕೆ ಕುಸಿದಾಗ, ಸಾಲ ಏರಿದಾಗ, ಅಲ್ಲಿನ ನೇಕಾರರು ಆತ್ಮಹತ್ಯೆ ಮಾಡಿಕೊಂಡ ದುರಂತಗಳೂ ನಡೆದವು. ತಂತಿಯಲ್ಲಿ ವಿದ್ಯುತ್ ಇತ್ತು, ಸಂತೆಯಲ್ಲಿ ಬೆಲೆ ಇರಲಿಲ್ಲ.

ಎಡವಿದ್ದು ಎಲ್ಲಿ?

ಉಳಿದ ಮೂರು ಸಂಘಗಳು ಬಾಳಲಿಲ್ಲ. ಮುಳಾ–ಪ್ರವರಾ ಸಂಘ ರಾಜ್ಯ ವಿದ್ಯುತ್ ಸಂಸ್ಥೆಗೆ ಕೊಡಬೇಕಾದ ಬಾಕಿ ಬೆಟ್ಟದಂತೆ ಬೆಳೆಯಿತು. 2011ರಲ್ಲಿ ಅದರ ವಿತರಣಾ ಕ್ಷೇತ್ರ ಸರ್ಕಾರಿ ಕಂಪನಿಯ ಕೈಗೆ ಹೋಯಿತು. ಕಾರಣವನ್ನು ಹುಡುಕಲು ದೂರ ಹೋಗಬೇಕಿಲ್ಲ.

ನಮ್ಮ ದೇಶದಲ್ಲಿ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಅತಿ ಅಗ್ಗ ಅಥವಾ ಉಚಿತ. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್‌ಗಳಿಗೆ ಬಿಲ್ಲಿಲ್ಲ. ಅದರ ವೆಚ್ಚವನ್ನು ಸರ್ಕಾರ ಸಹಾಯಧನವಾಗಿ ತುಂಬಿಕೊಡಬೇಕು. ಉಳಿದ ಕೊರತೆಯನ್ನು ಉದ್ಯಮ ಮತ್ತು ವಾಣಿಜ್ಯ ಗ್ರಾಹಕರ ಹೆಚ್ಚಿನ ದರದಿಂದ ಸರಿದೂಗಿಸುವ ಪದ್ಧತಿ ಇದೆ. ಬೆಂಗಳೂರಿನಂಥ ನಗರವನ್ನು ಹೊಂದಿರುವ ಬೆಸ್ಕಾಂಗೆ ಇದು ಸ್ವಲ್ಪ ಮಟ್ಟಿಗೆ ಸಾಧ್ಯ. ಪಂಪ್‌ಸೆಟ್‌ಗಳೇ ದೊಡ್ಡ ಪಾಲು ವಿದ್ಯುತ್ ಬಳಸುವ ಒಂದು ಗ್ರಾಮೀಣ ಸಂಘಕ್ಕೆ? ಅದರ ಬಳಿ ಇರುವ ಉದ್ಯಮಗಳೇ ಕೆಲವು. ಅವುಗಳ ಮೇಲೆ ದರ ಏರಿಸಿದರೆ ಅವು ಬೇರೆಡೆಗೆ ಹೋಗುತ್ತವೆ. ಏರಿಸದಿದ್ದರೆ ಕೊರತೆ ತುಂಬುವುದಿಲ್ಲ. ಸಹಾಯಧನ ತಡವಾದರೆ ಸಗಟು ಬಿಲ್ಲಿನ ಬಾಕಿ ಬೆಳೆಯುತ್ತದೆ. ಅಮೆರಿಕದ ಸಂಘಕ್ಕೆ ಉದ್ಯಮ ಬಂದರೆ ಎಲ್ಲರ ಖರ್ಚೂ ಇಳಿಯುತ್ತದೆ. ಇಲ್ಲಿ ಉದ್ಯಮವೇ ಉಳಿದವರ ಖರ್ಚನ್ನು ಹೊರಬೇಕಾಗುತ್ತದೆ. ಎರಡು ದೇಶಗಳ ಅನುಭವದ ವ್ಯತ್ಯಾಸದ ಬೇರು ಇಲ್ಲಿದೆ.

ನಮ್ಮ ಮುಂದಿರುವ ದಾರಿಗಳು

2003ರ ವಿದ್ಯುಚ್ಛಕ್ತಿ ಕಾಯಿದೆಯ 5ನೆಯ ಪ್ರಕರಣ ಗ್ರಾಮೀಣ ವಿತರಣೆಯನ್ನು ಪಂಚಾಯತ್ ಸಂಸ್ಥೆಗಳು, ಬಳಕೆದಾರರ ಸಂಘಗಳು, ಸಹಕಾರ ಸಂಘಗಳು ಮುಂತಾದವುಗಳ ಮೂಲಕ ನಡೆಸುವ ನೀತಿಗೆ ಅವಕಾಶ ಕೊಟ್ಟಿದೆ. ಕಾನೂನಿನ ಬಾಗಿಲು ತೆರೆದೇ ಇದೆ. ಆದರೆ ಹರಿಹರ ತಾಲ್ಲೂಕಿನಲ್ಲಿ ನಾಳೆಯೇ ಹೊಸ ಹುಕ್ಕೇರಿ ಹುಟ್ಟಬೇಕೆಂದೇನೂ ಇಲ್ಲ. ಸಹಕಾರ ಸಂಘ ಮಾಡುವ ಒಳ್ಳೆಯ ಕೆಲಸಗಳನ್ನು ಬೇರೆ ರೂಪದಲ್ಲಿಯೂ ಮಾಡಬಹುದು.

ಕರ್ನಾಟಕದ ನಿರಂತರ ಜ್ಯೋತಿ ಯೋಜನೆಯಲ್ಲಿ ಪಂಪ್‌ಸೆಟ್ ಫೀಡರುಗಳನ್ನು ಊರಿನ ಫೀಡರುಗಳಿಂದ ಬೇರ್ಪಡಿಸುವ ಕೆಲಸ ನಡೆದಿದೆ. ಇದರಿಂದ ಊರಿನ ಮನೆಗಳ ಜೊತೆಗೆ ಸಣ್ಣ ಉದ್ಯಮಗಳಿಗೂ ದಿನವಿಡೀ ವಿದ್ಯುತ್ ಕೊಡುವುದು ಸಾಧ್ಯ. ಪಂಪ್‌ಸೆಟ್ ಫೀಡರುಗಳನ್ನು ಹಗಲಿನ ಸೌರ ವಿದ್ಯುತ್ತಿನಿಂದ ನಡೆಸಿದರೆ ಸಹಾಯಧನದ ಭಾರವೂ ಇಳಿಯುತ್ತದೆ. ಅಂಥ ಸೌರ ಘಟಕಗಳನ್ನು ರೈತರ ಸಹಕಾರ ಸಂಘಗಳೇ ಹೊಂದಬಹುದು. ಅಕ್ಕಿ ಗಿರಣಿಗಳವರು ಒಂದಾಗಿ ಕೆಪಾಸಿಟರ್ ಅಳವಡಿಕೆ, ಹೊಟ್ಟಿನಿಂದ ವಿದ್ಯುತ್ ಉತ್ಪಾದನೆ, ಕೆಲಸದ ಹೊತ್ತಿನ ಹೊಂದಾಣಿಕೆಗಳನ್ನು ಮಾಡಿಕೊಂಡರೆ ಅದೂ ಸಹಕಾರವೇ. ಹೊಸ ದರ ಗೊತ್ತುಪಡಿಸುವ ಮೊದಲು ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಅಲ್ಲಿ ಹಳ್ಳಿಯ ಉದ್ಯಮಿಗಳೂ ಗ್ರಾಹಕರೂ ಲೆಕ್ಕ ಹಿಡಿದು ಮಾತನಾಡಬೇಕು. ಆ ಲೆಕ್ಕವನ್ನು ಕಲಿಸುವ ಜಾಗ ಶಾಲೆ.

ತರಗತಿಯಲ್ಲಿ ಮಾಡಿ ನೋಡಿ

ನಿಮ್ಮ ಶಾಲೆಯ ವಿದ್ಯುತ್ ಬಿಲ್ಲನ್ನು ತೆಗೆದುಕೊಳ್ಳಿ. ಅದರಲ್ಲಿ ಮಂಜೂರಾದ ಹೊರೆ ಎಷ್ಟು ಕಿಲೋವ್ಯಾಟ್, ತಿಂಗಳ ಬಳಕೆ ಎಷ್ಟು ಯೂನಿಟ್ ಎಂಬುದಿರುತ್ತದೆ. ಮಂಜೂರಾದ ಹೊರೆಯನ್ನು 720ರಿಂದ (30 ದಿನಗಳ ಗಂಟೆಗಳು) ಗುಣಿಸಿ. ಬಳಕೆಯ ಯೂನಿಟ್ಟನ್ನು ಅದರಿಂದ ಭಾಗಿಸಿ. ಹೊರೆ 3 ಕಿಲೋವ್ಯಾಟ್, ಬಳಕೆ 216 ಯೂನಿಟ್ ಆದರೆ 216 ÷ 2,160, ಅಂದರೆ ಶೇಕಡಾ 10. ಇದು ಹೊರೆ ಗುಣಾಂಕದ ಅಂದಾಜು. ವಿದ್ಯಾರ್ಥಿಗಳು ತಮ್ಮ ಮನೆ, ಊರಿನ ಹಿಟ್ಟಿನ ಗಿರಣಿ, ಹಾಲು ಶೀತಲೀಕರಣ ಘಟಕ, ಅಕ್ಕಿ ಗಿರಣಿಗಳ ಬಿಲ್ಲುಗಳಿಂದ ಇದೇ ಲೆಕ್ಕ ಮಾಡಿ ಹೋಲಿಸಲಿ. ಯಾವುದು ಹೆಚ್ಚು? ಏಕೆ? ಸುಗ್ಗಿಯ ತಿಂಗಳಿಗೂ ಬೇಸಿಗೆಗೂ ವ್ಯತ್ಯಾಸವಿದೆಯೇ? ಊರಿನ ಟ್ರಾನ್ಸ್‌ಫಾರ್ಮರ್ ಎಷ್ಟು ಕೆ.ವಿ.ಎ. ಸಾಮರ್ಥ್ಯದ್ದು ಎಂಬುದು ಅದರ ಮೇಲಿನ ಫಲಕದಲ್ಲಿ ಬರೆದಿರುತ್ತದೆ. ದೂರದಿಂದಲೇ ಓದಬೇಕು, ಬೇಲಿಯೊಳಗೆ ಕಾಲಿಡಬಾರದು.

ಇಷ್ಟು ಮಾಹಿತಿ ಸೇರಿದರೆ, ಊರಿನ ತಂತಿಯಲ್ಲಿ ಇನ್ನೊಂದು ಗಿರಣಿಗೆ ಹಗಲು ಹೊತ್ತಿನಲ್ಲಿ ಜಾಗ ಇದೆಯೇ ಎಂಬುದನ್ನು ಮಕ್ಕಳೇ ಅಂದಾಜು ಮಾಡಬಲ್ಲರು. ಆ ಅಂದಾಜನ್ನು ಗ್ರಾಮಸಭೆಯ ಮುಂದೆ ಓದಿ ಹೇಳಿಸಿ. ದೊಡ್ಡವರು ಕೇಳುವ ಪ್ರಶ್ನೆಗಳಿಗೆ ಮಕ್ಕಳು ಉತ್ತರ ಹುಡುಕಲಿ.